"ಯಾಕೆ ಓದಲಿಲ್ಲ?" ಅಂತ ಕೇಳುವ ಮುಂಚೆ: ಗುರಿಯ ಕಡೆ ನಡೆಸುವ ಪ್ರಶ್ನೆಗಳು

ನನ್ನ ಅಕ್ಕನ ಮಗಳು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಬಿಕಾಂ ಓದಿದ್ದಾಳೆ. ಎಸ್‌ಡಿಎ ಪರೀಕ್ಷೆ ಪಾಸು ಮಾಡಿ ಸರ್ಕಾರಿ ಕೆಲಸ ಹಿಡಿಯಬೇಕು ಅನ್ನುವುದು ಆಸೆ. ಮೊದಲ ಸಲ ಬರೆದಾಗ ಸ್ವಲ್ಪದರಲ್ಲಿ ಕೈತಪ್ಪಿತು. ಎರಡನೇ ಸಲಕ್ಕೆ ಅವಳನ್ನು ಓದಿಗೆ ಹಚ್ಚುವ ಕೆಲಸ ನನ್ನ ಮೇಲೆ ಬಿತ್ತು. "ನೀನು ಹೇಳಿದ್ರೆ ಕೇಳ್ತಾಳೆ ಕಣೋ" ಅಂದಳು ಅಕ್ಕ.

ನಾನು ಮಾಡಿದ್ದೇನು? ಪ್ರತಿ ಭಾನುವಾರ ಫೋನ್ ಮಾಡಿ "ಈ ವಾರ ಯಾಕೆ ಓದಲಿಲ್ಲ?" ಅಂತ ಕೇಳಿದೆ. ಪ್ರತಿ ಭಾನುವಾರ ಒಂದು ಕಾರಣ ಸಿಕ್ಕಿತು. ಮಂಡಿಯಲ್ಲಿ ಟೆಂಡರ್ (ಕೊಬ್ಬರಿ ಹರಾಜು) ಇತ್ತು, ಅಜ್ಜಿಗೆ ಜ್ವರ, ಕರೆಂಟ್ ಇರಲಿಲ್ಲ, ಯಾರದೋ ಮದುವೆ. ಒಂದೂ ಸುಳ್ಳಲ್ಲ. ಆರು ವಾರ ಆದಮೇಲೆ ನನ್ನ ಹತ್ತಿರ ಆರು ಕಾರಣ ಇದ್ದವು, ಅಷ್ಟೇ. ಕಾರಣ ಕೇಳಿದರೆ ಕಾರಣ ತಾನೇ ಸಿಗೋದು?

ಆಮೇಲೆ ಒಂದಷ್ಟು ಓದಿದೆ, ಒಂದು ತರಬೇತಿಗೂ ಹೋದೆ, ಅವಳ ಮೇಲೆ ಒಂದೊಂದೇ ವಿಧಾನ ಪ್ರಯೋಗ ಮಾಡಿದೆ. ಪಾಪ, ಸಹಿಸಿಕೊಂಡಳು. ಬೇರೆಯವರನ್ನು ಒಂದು ಗುರಿಯ ಕಡೆ ನಡೆಸುವ ಪಾಲು ನಿಮಗೂ ಬಂದಿರಬಹುದು. ನೀವು ಟೀಚರ್ ಆಗಿರಬಹುದು, ಆಫೀಸಿನಲ್ಲಿ ಟೀಮ್ ಲೀಡರ್ ಆಗಿರಬಹುದು, ಸ್ವಸಹಾಯ ಸಂಘ ನಡೆಸುವವರಾಗಿರಬಹುದು, ಮನೆಯಲ್ಲಿ ಸುಮ್ನೆ ಚಿಕ್ಕಮ್ಮ ಆಗಿರಬಹುದು. ಯಾವ ಪ್ರಶ್ನೆ ಯಾವಾಗ ಕೆಲಸ ಮಾಡುತ್ತೆ, ಯಾವುದು ಕೆಡಿಸುತ್ತೆ ಅಂತ ನನಗೆ ತಿಳಿದಷ್ಟು ಇಲ್ಲಿದೆ.

ಮೊದಲು ನಮ್ಮ ಬಾಯಿ ನೋಡಿಕೊಳ್ಳೋಣ

ಕನ್ನಡದಲ್ಲಿ ಪ್ರಶ್ನೆಯ ವೇಷ ಹಾಕಿದ ಅಪ್ಪಣೆಗಳು ಬೇಕಾದಷ್ಟಿವೆ. "ಬೆಳಿಗ್ಗೆ ಬೇಗ ಏಳಬಹುದಲ್ಲಾ?" "ಫೋನ್ ಪಕ್ಕಕ್ಕಿಟ್ಟರೆ ಆಗುತ್ತೆ, ಅಲ್ವಾ?" "ಅರ್ಥ ಆಯ್ತು ತಾನೇ?" ಇವಕ್ಕೆಲ್ಲ ಬರುವ ಉತ್ತರ ಒಂದೇ: "ಹೂಂ". ಅದು ಒಪ್ಪಿಗೆಯಲ್ಲ. ದೊಡ್ಡವರ ಮಾತು ಬೇಗ ಮುಗಿಯಲಿ ಅನ್ನುವ ಹೂಂ.

ಇನ್ನು "ಯಾಕೆ". ಚಿಕ್ಕಂದಿನಿಂದ ದೊಡ್ಡವರ ಬಾಯಲ್ಲಿ ಆ ಪದ ಕೇಳಿದ್ದು ಯಾವಾಗ? ಯಾಕೆ ಲೇಟು, ಯಾಕೆ ಮಾರ್ಕ್ಸ್ ಕಮ್ಮಿ, ಯಾಕೆ ಹೀಗೆ ಮಾಡಿದೆ. ಗಣಿತದಲ್ಲಿ ತೊಂಬತ್ತು ಬಂದಾಗ "ಯಾಕೆ ತೊಂಬತ್ತು ಬಂತು?" ಅಂತ ಯಾರೂ ಕುತೂಹಲದಿಂದ ಕೇಳಿಲ್ಲ. ಹಾಗಾಗಿ ನೀವು ಎಷ್ಟೇ ಮೆತ್ತಗೆ ಕೇಳಿದರೂ ಎದುರಿನವರ ಕಿವಿಗೆ ಅದು ಬೈಗುಳವೇ. ಅವರು ತಕ್ಷಣ ಸಮರ್ಥನೆಗೆ ಇಳಿಯುತ್ತಾರೆ. ಈ ತೊಂಬತ್ತರ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ಸಣ್ಣ ಅಭ್ಯಾಸ ಮಾಡಿ. ಒಂದು ವಾರ, ಅಡ್ಡಿಗಳ ಬಗ್ಗೆ "ಯಾಕೆ" ಬಂದ ಕಡೆಯೆಲ್ಲ "ಏನು", "ಯಾವಾಗ", "ಹೇಗೆ" ಹಾಕಿ. "ಯಾಕೆ ಓದಲಿಲ್ಲ?" ಹೋಗಿ "ಓದಕ್ಕೆ ಏನು ಅಡ್ಡ ಬಂತು?" ಆಗಲಿ. ಮೊದಮೊದಲು ನಾಲಿಗೆ ತಡವರಿಸುತ್ತೆ.

ಹಂತ 1: ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ನೋಡಿ

ಜನ ಮೂರು ಕಡೆ ಸಿಕ್ಕಿಕೊಳ್ಳುತ್ತಾರೆ. ಮನಸ್ಸೇ ಅರ್ಧ ಇರುತ್ತೆ. ಅಥವಾ ಮನಸ್ಸಿದೆ, ದಾರಿ ಗೊತ್ತಿಲ್ಲ. ಅಥವಾ ಎರಡೂ ಇದೆ, ದಿನಾ ಮಾಡಕ್ಕಾಗ್ತಿಲ್ಲ. ಮೂರಕ್ಕೂ ಬೇರೆ ಬೇರೆ ಪ್ರಶ್ನೆ ಬೇಕು. ಮನಸ್ಸೇ ಇಲ್ಲದವರಿಗೆ ಟೈಂಟೇಬಲ್ ಹಾಕಿಕೊಟ್ಟರೆ ಅದು ಗೋಡೆ ಮೇಲೆ ಇರುತ್ತೆ, ಅಷ್ಟೇ.

ತಿಳಿಯುವುದು ಕಷ್ಟವಲ್ಲ. "ಈ ಪರೀಕ್ಷೆ ಬರೀಬೇಕು ಅನ್ನೋದು ಮೊದಲು ಯಾರ ಆಸೆ?" ಅಂತ ಕೇಳಿ. ನಮ್ಮ ಮನೆಗಳಲ್ಲಿ ಇದು ಬಹಳ ಮುಖ್ಯ. ಎಷ್ಟೋ ಗುರಿಗಳು ಅಪ್ಪನವು, ಅತ್ತೆಯವು, ಪಕ್ಕದ ಮನೆಯ ಹುಡುಗನಿಗೆ ಕೆಲಸ ಸಿಕ್ಕಿದ ಸಂಕಟದವು.

ಹಂತ 2: ನೋಡಿಸುವ ಪ್ರಶ್ನೆ

1970ರ ದಶಕದಲ್ಲಿ ತಿಮೋತಿ ಗಾಲ್ವೆ ಅನ್ನುವ ಅಮೆರಿಕದ ಟೆನಿಸ್ ಕೋಚ್ ಒಂದು ವಿಷಯ ಗಮನಿಸಿದ. "ಚೆಂಡು ನೋಡು" ಅಂತ ಎಷ್ಟು ಕೂಗಿದರೂ ಆಟಗಾರ ಸರಿಯಾಗಿ ನೋಡಲ್ಲ. ಬದಲಿಗೆ ಚೆಂಡು ನೆಲಕ್ಕೆ ಬಡಿದಾಗ ಒಂದು ಮಾತು, ಬ್ಯಾಟಿಗೆ ತಾಕಿದಾಗ ಒಂದು ಮಾತು ಗಟ್ಟಿಯಾಗಿ ಹೇಳು ಅಂದರೆ, ನೋಡದೆ ಬೇರೆ ದಾರಿಯೇ ಇಲ್ಲ. ಚೆಂಡು ನೆಟ್ ದಾಟುವಾಗ ಯಾವ ಕಡೆ ತಿರುಗುತ್ತಿದೆ ಅಂತ ಕೇಳಿದರೂ ಅಷ್ಟೇ. ಉತ್ತರ ಹೇಳಬೇಕಾದರೆ ನೋಡಲೇಬೇಕು.

ಗಾಲ್ವೆಯ ಈ ದಾರಿಯನ್ನು ಇಂಗ್ಲೆಂಡಿನ ಆಫೀಸುಗಳಿಗೆ ತಂದವರಲ್ಲಿ ಜಾನ್ ವಿಟ್‌ಮೋರ್ ಒಬ್ಬರು. ಅವರು ಹಿಂದೆ ಕಾರ್ ರೇಸರ್. 1965ರಲ್ಲಿ ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್ ಆಗಿದ್ದವರು. ಅವರು ಮತ್ತು ಅವರ ಜೊತೆಗಾರರ ಕೆಲಸದಿಂದ 'ಗ್ರೋ' ಅನ್ನುವ ನಾಲ್ಕು ಹಂತದ ಮಾತುಕತೆ ಹೆಸರಾಯಿತು. ಏನು ಬೇಕು, ಈಗ ಏನಿದೆ, ಏನೇನು ಮಾಡಬಹುದು, ಏನು ಮಾಡ್ತೀಯ. ಇಷ್ಟೇ.

ನಾನು ದುಡ್ಡು ಕಟ್ಟಿ ಹೋಗಿದ್ದ ತರಬೇತಿಯಲ್ಲಿ (ಹೆಸರು ಬೇಡ) ಇದನ್ನು ಫಾರಂ ಥರ ತುಂಬಿಸಿದ್ದರು. ಒಂದೊಂದಕ್ಕೂ ಐದು ನಿಮಿಷ, ಗಂಟೆ ಬಾರಿಸಿದರೆ ಮುಂದಿನದು. ಅದು ತಪ್ಪು ಅಂತ ಈಗ ಅನ್ನಿಸುತ್ತೆ. ನಾಲ್ಕರಲ್ಲಿ ಎರಡನೆಯದೇ, ಅಂದರೆ "ಈಗ ಏನಿದೆ?" ಅನ್ನುವುದೇ ಜೀವ. ನಮ್ಮ ಟೈಮಲ್ಲಿ ಅರ್ಧ ಅಲ್ಲೇ ಹೋಗಬೇಕು. ಅಲ್ಲಿ ಅಭಿಪ್ರಾಯ ಕೇಳಬಾರದು. ವಾರ, ಗಂಟೆ, ಪುಟ ಕೇಳಬೇಕು.

"ಕಳೆದ ವಾರ ಯಾವ್ಯಾವ ದಿನ ಪುಸ್ತಕ ತೆಗೆದೆ?"

"ಸೋಮವಾರ... ಅಲ್ಲ, ಮಂಗಳವಾರ. ಆಮೇಲೆ ಶುಕ್ರವಾರ."

"ಮಂಗಳವಾರ ಎಷ್ಟು ಹೊತ್ತಿಗೆ ಕೂತೆ?"

"ಎಂಟಕ್ಕೆ. ಒಂಬತ್ತೂಕಾಲಿಗೆ ಎದ್ದೆ. ಅಯ್ಯೋ ಮಾಮ, ಅವತ್ತು ಸಂವಿಧಾನದ ಒಂದು ಪಾಠ ಪೂರ್ತಿ ಮುಗಿಸಿದ್ದೀನಿ!"

ಅವಳಿಗೇ ಆಶ್ಚರ್ಯ. ಆರು ವಾರದಿಂದ ನಾನು ಅವಳು ಓದೋದೇ ಇಲ್ಲ ಅಂದುಕೊಂಡಿದ್ದೆ. ಅವಳೂ ಹಾಗೇ ಅಂದುಕೊಂಡಿದ್ದಳು, ಯಾಕೆಂದರೆ ನಾನು ಕೇಳುತ್ತಿದ್ದುದು ಓದದ ದಿನಗಳ ಬಗ್ಗೆ ಮಾತ್ರ.

ಹಂತ 3: ಸರಿಹೋದ ದಿನವನ್ನು ಹಿಡಿಯಿರಿ

ಇಲ್ಲಿಂದ ಇನ್ನೊಂದು ವಿಧಾನ ಶುರು. ಅಮೆರಿಕದ ಮಿಲ್ವಾಕಿ ಊರಿನಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ 1978ರಲ್ಲಿ ಒಂದು ಕೌನ್ಸೆಲಿಂಗ್ ಕೇಂದ್ರ ಶುರುಮಾಡಿದರು. ಸಮಸ್ಯೆಯ ಬೇರು ಅಗೆಯುವುದಕ್ಕಿಂತ, ಸಮಸ್ಯೆ ಇಲ್ಲದ ಗಳಿಗೆಗಳನ್ನು ಹುಡುಕುವುದು ಅವರ ದಾರಿ. ಎಷ್ಟೇ ಕೆಟ್ಟ ವಾರದಲ್ಲೂ ಸರಿಹೋದ ಒಂದು ದಿನ ಇರುತ್ತೆ. ಅವತ್ತು ಏನು ಬೇರೆ ಇತ್ತು?

ಕೇಳಿದೆ. "ಮಂಗಳವಾರ, ಶುಕ್ರವಾರ ಏನು ಬೇರೆ ಇತ್ತು?"

"ಎರಡು ದಿನಾನೂ ಟೆಂಡರ್ ಇರಲಿಲ್ಲ. ಆರಕ್ಕೇ ಬಿಟ್ರು." ಸ್ವಲ್ಪ ತಡೆದು, ದನಿ ತಗ್ಗಿಸಿ: "ಮತ್ತೆ... ಫೋನ್ ತಮ್ಮನ ಹತ್ರ ಇತ್ತು."

ಈ ಎರಡನೇ ಮಾತು "ಫೋನ್ ಜಾಸ್ತಿ ನೋಡ್ತೀಯಾ?" ಅಂತ ಕೇಳಿದ್ದರೆ ಈ ಜನ್ಮದಲ್ಲಿ ಬರುತ್ತಿರಲಿಲ್ಲ.

ಇವರದೇ ಇನ್ನೊಂದು ಸಾಧನ ಅಳತೆಪಟ್ಟಿ. ಸೊನ್ನೆಯಿಂದ ಹತ್ತರವರೆಗೆ ಈಗ ಎಲ್ಲಿದ್ದೀಯ? ಅವಳು "ನಾಲ್ಕು" ಅಂದಳು. ಆಗ ಹತ್ತಕ್ಕೆ ಹೋಗೋದು ಹೇಗೆ ಅಂತ ಕೇಳಬೇಡಿ. ಐದಕ್ಕೆ ಬಂದರೆ ಏನು ಬದಲಾಗಿರುತ್ತೆ ಅಂತ ಕೇಳಿ. ಒಂದೇ ಮೆಟ್ಟಿಲು. ಅವಳ ಐದು ಅಂದರೆ ವಾರಕ್ಕೆ ಎರಡರ ಬದಲು ಮೂರು ದಿನ ಓದುವುದು. ನನಗೆ ಅದು ತೀರಾ ಕಮ್ಮಿ ಅನ್ನಿಸಿತು, ಬಾಯಿ ಮುಚ್ಚಿಕೊಂಡೆ.

ಇವರ ಪವಾಡದ ಪ್ರಶ್ನೆ ತುಂಬಾ ಹೆಸರುವಾಸಿ. ನೀನು ಮಲಗಿದ್ದಾಗ ರಾತ್ರೋರಾತ್ರಿ ಪವಾಡ ಆಗಿ ಸಮಸ್ಯೆ ಹೋಗಿದೆ, ಬೆಳಿಗ್ಗೆ ಎದ್ದಾಗ ಯಾವುದರಿಂದ ಗೊತ್ತಾಗುತ್ತೆ ಅನ್ನುವುದು. ನಾನು ಕೇಳಿ ನೋಡಿದೆ. "ಪವಾಡ ಎಲ್ಲ ಎಲ್ಲಾಗುತ್ತೆ ಬಿಡು ಮಾಮ" ಅಂತ ನಕ್ಕುಬಿಟ್ಟಳು. ಸ್ವಲ್ಪ ತಿದ್ದಿದೆ: "ಬರೋ ಯುಗಾದಿ ಹೊತ್ತಿಗೆ ಎಲ್ಲ ಸರಿಹೋಗಿದೆ ಅಂದುಕೋ. ಅಮ್ಮನಿಗೆ ನಿನ್ನಲ್ಲಿ ಮೊದಲು ಏನು ಕಾಣುತ್ತೆ?" ಇದಕ್ಕೆ ಉತ್ತರ ಬಂತು. "'ರಾತ್ರಿ ನಾನು ಕರೆಯದೇನೇ ಊಟಕ್ಕೆ ಬರ್ತಾಳೆ' ಅಂತಾಳೆ ಅಮ್ಮ. ಈಗ ಫೋನ್ ಹಿಡ್ಕೊಂಡು ಕೂತಿರ್ತೀನಲ್ಲ." ಪ್ರಶ್ನೆಯನ್ನು ನಿಮ್ಮ ಊರಿಗೆ ಒಗ್ಗಿಸಿಕೊಳ್ಳಿ. ಪುಸ್ತಕದಲ್ಲಿ ಇದ್ದ ಹಾಗೇ ಒಪ್ಪಿಸಿದರೆ ನಾಟಕದ ಡೈಲಾಗ್ ಆಗುತ್ತೆ.

ಹಂತ 4: ಮನಸ್ಸು ಅರ್ಧ ಇದ್ದರೆ, ಈಗ "ಯಾಕೆ" ಕೇಳಿ

ನಡುವೆ ಒಂದು ತಿಂಗಳು ಅವಳು ಪೂರ್ತಿ ಕೈಬಿಟ್ಟಳು. ಮಂಡಿಯಲ್ಲಿ ಸಂಬಳ ಸ್ವಲ್ಪ ಏರಿಸಿದ್ದರು. "ಇದೇ ಸಾಕೇನೋ" ಅನ್ನುವ ಯೋಚನೆ. ಇಲ್ಲಿ ಟೈಂಟೇಬಲ್ ಮಾತು ಪ್ರಯೋಜನವಿಲ್ಲ. ಮನಸ್ಸು ಎರಡು ಕಡೆ ಎಳೆಯುತ್ತಿದೆ.

ಇದಕ್ಕೆ ಅಂತಲೇ ಬೆಳೆದ ವಿಧಾನ ಒಂದಿದೆ. ಕುಡಿತ ಬಿಡಬೇಕೋ ಬೇಡವೋ ಅಂತ ಒದ್ದಾಡುವವರ ಜೊತೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಆಮೇಲೆ ಮನಶ್ಶಾಸ್ತ್ರಜ್ಞ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಬೆಳೆಸಿದರು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂತ ಹೆಸರು. ಅದರ ತಿರುಳು ನಮ್ಮ ಜಗಲಿ ಮಾತಿಗೆ ಇಳಿಸಿದರೆ ಹೀಗೆ: ಎರಡು ಮನಸ್ಸಿನವರ ಮುಂದೆ ನೀವು ಒಂದು ಕಡೆಗೆ ವಾದ ಮಾಡಿದರೆ, ಅವರು ಇನ್ನೊಂದು ಕಡೆಯ ವಕೀಲರಾಗುತ್ತಾರೆ. "ಸರ್ಕಾರಿ ಕೆಲಸ ಅಂದ್ರೆ ಎಷ್ಟು ಸೇಫ್ ಗೊತ್ತಾ?" ಅಂದ ತಕ್ಷಣ "ಆದ್ರೂ ಮಾಮ..." ಅಂತ ಶುರು. ತಾವೇ ಆಡಿದ ವಾದವನ್ನು ಜನ ಬೇಗ ನಂಬುತ್ತಾರೆ, ಅದೇ ತೊಂದರೆ. ಹಾಗಾಗಿ ಬೇಕಾದ ಕಡೆಯ ವಾದವನ್ನು ಅವರ ಬಾಯಿಂದಲೇ ಬರಿಸಬೇಕು.

ಇಲ್ಲೂ ಅದೇ ಅಳತೆಪಟ್ಟಿ, ಆದರೆ ಬಳಕೆ ಬೇರೆ. "ಈ ಕೆಲಸ ಸಿಗೋದು ನಿನಗೆ ಎಷ್ಟು ಮುಖ್ಯ, ಹತ್ತರಲ್ಲಿ?" ಅಂದೆ.

"ಐದು."

ಈಗ ನಮ್ಮ ನಾಲಿಗೆ ತುದಿಗೆ ಬರೋದು "ಐದೇನಾ? ಯಾಕೆ ಹತ್ತಲ್ಲ?" ಅಂತ. ಹಾಗೆ ಕೇಳಿದರೆ ಆ ಕೆಲಸ ಯಾಕೆ ಬೇಡ ಅನ್ನುವುದಕ್ಕೆ ಅವಳೇ ಕಾರಣ ಕೊಡುತ್ತಾಳೆ. ಮಿಲ್ಲರ್ ದಾರಿಯಲ್ಲಿ ಕೇಳಬೇಕಾದ್ದು ಉಲ್ಟಾ: "ಐದು ಯಾಕೆ? ಎರಡೋ ಮೂರೋ ಯಾಕಲ್ಲ?"

ಅವಳಿಗೆ ಸ್ವಲ್ಪ ಗೊಂದಲ ಆಯಿತು. ಆಮೇಲೆ ಹೇಳಿದಳು. ಮಂಡಿಯಲ್ಲಿ ಹದಿನೈದು ವರ್ಷದಿಂದ ಲೆಕ್ಕ ಬರೆಯುವವರು ಇನ್ನೂ ಅದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಹೆರಿಗೆ ರಜೆ ಅನ್ನುವ ಮಾತೇ ಅಲ್ಲಿಲ್ಲ. ಮದುವೆ ಆದಮೇಲೂ ತನ್ನ ಕೈಯಲ್ಲಿ ತನ್ನದು ಅಂತ ದುಡ್ಡು ಇರಬೇಕು. ಈ ಕೊನೆಯದು ನನಗೆ ಗೊತ್ತೇ ಇರಲಿಲ್ಲ. ನಾನು ಅರ್ಧ ಗಂಟೆ ಭಾಷಣ ಮಾಡಿದ್ದರೂ ಆ ಕಾರಣ ನನ್ನ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ತೊಂಬತ್ತು ಮಾರ್ಕ್ಸಿನ ಮಾತು ಈಗ ನೆನಪು ಮಾಡಿಕೊಳ್ಳಿ. "ಯಾಕೆ" ಕೆಟ್ಟ ಪದವಲ್ಲ. ನಾವು ಅದನ್ನು ಕೊರತೆಯ ಕಡೆಗೇ ತಿರುಗಿಸಿಟ್ಟಿದ್ದೇವೆ. ಇರುವುದರ ಕಡೆ ತಿರುಗಿಸಿ ಕೇಳಿದರೆ, ಅಂದರೆ ಯಾಕೆ ಇಷ್ಟಾದರೂ ಬೇಕು, ಯಾಕೆ ಅವತ್ತು ಆಯಿತು ಅಂತ ಕೇಳಿದರೆ, ಅದೇ ಪದ ಬಾಗಿಲು ತೆರೆಯುತ್ತೆ.

ಆಮೇಲೆ ಇನ್ನೊಂದು ನಂಬರ್ ಕೇಳಿ: "ನಿನ್ನ ಕೈಲಿ ಆಗುತ್ತೆ ಅನ್ನೋ ಧೈರ್ಯ ಎಷ್ಟು?" ಮುಖ್ಯ ಅನ್ನುವುದು ಎಂಟಿದ್ದು ಧೈರ್ಯ ಮೂರಿದ್ದರೆ ಮುಂದಿನ ಹಂತಕ್ಕೆ ಹೋಗಿ. ಧೈರ್ಯ ಎಂಟಿದ್ದು ಮುಖ್ಯ ಮೂರಿದ್ದರೆ, ಬಹುಶಃ ಇದು ಬೇರೆ ಯಾರದೋ ಗುರಿ.

ಎರಡು ಅಳತೆಪಟ್ಟಿಯ ವ್ಯತ್ಯಾಸ ಕಲಸಿಕೊಳ್ಳಬೇಡಿ. "ಐದಕ್ಕೆ ಬಂದರೆ ಏನು ಬೇರೆ ಇರುತ್ತೆ?" ಅನ್ನುವುದು ಕಾಲು ಮುಂದಿಡಿಸುತ್ತೆ. "ಐದು ಯಾಕೆ, ಎರಡು ಯಾಕಲ್ಲ?" ಅನ್ನುವುದು ಮನಸ್ಸು ಗಟ್ಟಿ ಮಾಡುತ್ತೆ. ಮನಸ್ಸು ಗಟ್ಟಿ ಇದ್ದವರಿಗೆ ಎರಡನೆಯದನ್ನು ಕೇಳುತ್ತಾ ಕೂತರೆ "ಅದೆಲ್ಲ ಗೊತ್ತು, ಮುಂದೇನು ಹೇಳಿ" ಅಂತ ಅವರಿಗೆ ರೇಗುತ್ತೆ.

ಹಂತ 5: "ನನ್ನ ಕೈಲಾಗಲ್ಲ" ಅಂದಾಗ

"ಲೆಕ್ಕದ ಪ್ರಶ್ನೆ ನನಗೆ ಬರಲ್ಲ ಮಾಮ." ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಹೇಳುವ ಮಾತು ಇದು!

ಇಂಥ ನಂಬಿಕೆಗೆ ಹಳೇ ಗ್ರೀಸಿನ ತತ್ವಜ್ಞಾನಿ ಸಾಕ್ರೆಟಿಸ್ ದಾರಿ ಸರಿ. ನೀವು ಅಲ್ಲಗಳೆಯಬೇಡಿ, ಸಾಕ್ಷಿ ಕೇಳಿ. "ನಿನ್ನೆ ಎಷ್ಟು ರೈತರ ಪಟ್ಟಿ ಬರೆದೆ? ಕ್ವಿಂಟಾಲ್ ರೇಟು, ಹಮಾಲಿ ಕಳೆದು ಎಷ್ಟು ಕೊಡಬೇಕು ಅಂತ ಯಾರು ಹಾಕಿದ್ದು? ತಪ್ಪು ಎಷ್ಟು ಬಂತು?" ಅವಳಿಗೆ ಹೊಳೆಯಿತು. ಬರದೇ ಇದ್ದುದು ಲೆಕ್ಕವಲ್ಲ, ಟೈಮ್ ಇಟ್ಟುಕೊಂಡು ಲೆಕ್ಕ ಮಾಡುವುದು.

ಅಪಾಯವೂ ಇದೆ. ಸ್ವಲ್ಪ ಜಾಸ್ತಿಯಾದರೆ ಇದು ಕೋರ್ಟಿನ ಪಾಟೀಸವಾಲು ಆಗುತ್ತೆ. ಉತ್ತರ ನಿಮಗೆ ಮೊದಲೇ ಗೊತ್ತಿದ್ದು, ಅವರನ್ನು ಅಲ್ಲಿಗೆ ಅಟ್ಟಿಕೊಂಡು ಹೋಗುತ್ತಿದ್ದೀರಿ ಅನ್ನಿಸಿದರೆ ನಿಲ್ಲಿಸಿ. ಮೂರು ಪ್ರಶ್ನೆ ಸಾಕು.

ಟೊಯೋಟಾ ಕಂಪನಿಯಿಂದ ಹೆಸರಾದ "ಐದು ಸಲ ಯಾಕೆ ಕೇಳು" ವಿಧಾನವನ್ನೂ ಕೆಲವರು ಇಲ್ಲಿ ತರುತ್ತಾರೆ. ಯಂತ್ರ ಯಾಕೆ ನಿಂತಿತು, ಫ್ಯೂಸ್ ಹೋಯಿತು. ಯಾಕೆ, ಬೇರಿಂಗಿಗೆ ಎಣ್ಣೆ ಇರಲಿಲ್ಲ. ಹೀಗೆ. ಯಂತ್ರಕ್ಕೆ, ಕೆಲಸದ ಪದ್ಧತಿಗೆ ಚೆನ್ನಾಗಿದೆ. ಮನುಷ್ಯರಿಗೆ ಐದು ಸಲ ಕೇಳಿದರೆ ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬರುತ್ತೆ.

ಹಂತ 6: ದಿನಾ ನಡೆಯುವಂತೆ ಮಾಡುವ ಪ್ರಶ್ನೆ

ಮಾತುಕತೆ ಚೆನ್ನಾಗಿ ಆಗಿ, ಕೊನೆಗೆ "ಸರಿ ಮಾಮ, ನಾಳೆಯಿಂದ ಓದ್ತೀನಿ" ಅಂತ ಮುಗಿದರೆ ಏನೂ ಆಗಲ್ಲ. ನಾಳೆ ಅನ್ನುವ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. "ಮಾಡುತ್ತೇನೆ" ಅನ್ನುವ ನಿರ್ಧಾರಕ್ಕಿಂತ "ಹೀಗಾದರೆ ಹೀಗೆ ಮಾಡುತ್ತೇನೆ" ಅನ್ನುವ ನಿರ್ಧಾರ ಹೆಚ್ಚು ಉಳಿಯುತ್ತೆ ಅನ್ನುವುದು ಅವರು ಕಂಡದ್ದು. ನಮ್ಮ ಭಾಷೆಗೆ ಇದು ಸಲೀಸು. 'ಆದರೆ', 'ಕೂತರೆ', 'ಬಂದರೆ' ಅಂತ ಪದದ ತುದಿಯಲ್ಲೇ ಆ ಕೊಂಡಿ ಇದೆ.

ಕೇಳಬೇಕಾದ್ದು ಮೂರು: ಯಾವಾಗ, ಎಲ್ಲಿ, ಅಡ್ಡ ಬಂದರೆ ಏನು? ಅವಳು ಹೇಳಿದ್ದನ್ನು ಅವಳ ಕೈಯಲ್ಲೇ ಬರೆಸಿದೆ. "ಟೆಂಡರ್ ಇಲ್ಲದ ದಿನ ಊಟ ಆದರೆ, ಫೋನ್ ತಮ್ಮನ ಕೈಗೆ, ನಾನು ಒಳಗಿನ ಕೋಣೆಗೆ. ಟೆಂಡರ್ ಇದ್ದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತರೆ, ಹಳೇ ಪ್ರಶ್ನೆಪತ್ರಿಕೆ. ಸೀಟ್ ಸಿಗದಿದ್ದರೆ, ನಾನೇ ರೆಕಾರ್ಡ್ ಮಾಡಿದ ನೋಟ್ಸ್ ಕಿವಿಗೆ." ಸೀಟ್ ಸಿಗದಿದ್ದರೆ ಅನ್ನುವುದು ಅವಳೇ ಸೇರಿಸಿದ್ದು. ಆ ಬಸ್ಸು ನನಗೇನು ಗೊತ್ತು?

ಕೇಳಿದ ಮೇಲೆ ಸುಮ್ಮನಿರಿ

ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಕಮ್ಮಿಯಾಯಿತು. ಮೂರು ಸೆಕೆಂಡ್ ಅಂದರೆ ಏನೂ ಅಲ್ಲ ಅನ್ನಿಸುತ್ತೆ. ಫೋನಿನಲ್ಲಿ ಪ್ರಯತ್ನಿಸಿ ನೋಡಿ, "ಹಲೋ, ಕೇಳಿಸ್ತಾ ಇದೆಯಾ?" ಅಂತ ಬಾಯಿಗೆ ಬಂದುಬಿಡುತ್ತೆ. ನಾನು ಮನಸ್ಸಿನಲ್ಲಿ ಐದು ಎಣಿಸುತ್ತೇನೆ. ಫೋನ್ ತಮ್ಮನ ಹತ್ರ ಇತ್ತು ಅನ್ನುವ ಮಾತು ಬಂದಿದ್ದು ನಾಲ್ಕಕ್ಕೆ.

ಪ್ರಶ್ನೆಯೇ ಬೇಡದ ಹೊತ್ತು

ಅರ್ಜಿಯ ಕೊನೆ ದಿನ ಯಾವುದು ಅಂತ ಕೇಳಿದವರಿಗೆ "ನಿನಗೇನನ್ನಿಸುತ್ತೆ?" ಅನ್ನಬೇಡಿ. ದಿನಾಂಕ ಹೇಳಿ. ಗೊತ್ತಿರುವ ಮಾಹಿತಿಯನ್ನು ಬಚ್ಚಿಟ್ಟು ಪ್ರಶ್ನೆ ಕೇಳುವುದು ಕೋಚಿಂಗ್ ಅಲ್ಲ, ಸತಾಯಿಸುವುದು. ಸಲಹೆ ಕೊಡಬೇಕು ಅನ್ನಿಸಿದರೆ "ನನಗೊಂದು ಹೊಳೀತಿದೆ, ಹೇಳಲಾ?" ಅಂತ ಕೇಳಿ ಹೇಳಿ. ಕೊಡುವುದು ಬಿಡುವುದು ಅವರ ಒಪ್ಪಿಗೆಯಿಂದ ಆಗಲಿ.

ಇನ್ನೊಂದು ಗಂಭೀರವಾದದ್ದು. ನಿದ್ದೆ ಬರಲ್ಲ, ಊಟ ಸೇರಲ್ಲ, ಬದುಕಿದ್ದು ಏನು ಅನ್ನುವ ಮಾತು ಬಂದರೆ ಗುರಿಯ ಮಾತು ಅಲ್ಲಿಗೇ ಬಿಡಿ. ಅಳತೆಪಟ್ಟಿ ಎತ್ತಿಡಿ. ಜೊತೆಯಲ್ಲಿ ಕೂತು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದು

ಒಂದು ಸಲ ಎದುರಿನವರ ಒಪ್ಪಿಗೆ ಕೇಳಿ ಮಾತುಕತೆ ರೆಕಾರ್ಡ್ ಮಾಡಿ. ಆಮೇಲೆ ಒಬ್ಬರೇ ಕೂತು ಕೇಳಿ. ಕಾಗದದಲ್ಲಿ ಎರಡು ಸಾಲು ಮಾಡಿ ಎಣಿಸಿ: ನಿಜವಾದ ಪ್ರಶ್ನೆ ಎಷ್ಟು, "ಅಲ್ವಾ", "ಬಹುದಲ್ಲಾ" ಎಷ್ಟು. ಯಾರು ಎಷ್ಟು ಹೊತ್ತು ಮಾತಾಡಿದರು ಅಂತಲೂ ಗಡಿಯಾರ ಹಿಡಿದು ನೋಡಿ. ನನ್ನ ಮೊದಲ ರೆಕಾರ್ಡಿಂಗ್ ಇಪ್ಪತ್ತು ನಿಮಿಷದ್ದು. ಅದರಲ್ಲಿ ಹದಿಮೂರು ನಿಮಿಷ ನನ್ನ ದನಿ. ಹೋದ ಭಾನುವಾರದ್ದು ಹದಿನೆಂಟು ನಿಮಿಷ, ನನ್ನದು ಆರು. ಅದರಲ್ಲೂ ಎರಡು "ಅಲ್ವಾ" ನುಸುಳಿವೆ. ಎರಡಕ್ಕೂ ಅವಳು "ಹೂಂ" ಅಂದಿದ್ದಾಳೆ.